ಒಂದೇ ಒಂದು ಕೆಲಸ ಹಿಡಿಯಿರಿ: ಪಂಚಾಯಿತಿ ಖರ್ಚಿನ ಲೆಕ್ಕ ಮೊಬೈಲಿನಲ್ಲೇ ನೋಡುವ ಬಗೆ

ನಮ್ಮ ಬೀದಿಯ ಚರಂಡಿ ಮಾರಮ್ಮನ ಗುಡಿ ಹತ್ತಿರ ಶುರುವಾಗಿ ಹುಣಸೆಮರದ ಬಳಿ ನಿಂತುಬಿಡುತ್ತದೆ. ಮರದಾಚೆ ಐದಾರು ಮನೆಗಳಿವೆ. ಆ ಮನೆಗಳ ಬಚ್ಚಲ ನೀರು, ಪಾತ್ರೆ ತೊಳೆದ ನೀರು ಎಲ್ಲಾ ರಸ್ತೆಗೇ. ಮಳೆಗಾಲದಲ್ಲಿ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಅದನ್ನು ದಾಟುತ್ತಾರೆ. ‘ದುಡ್ಡು ಇಷ್ಟಕ್ಕೇ ಬಂದಿದ್ದಂತೆ’ ಎಂದು ಎಲ್ಲರೂ ಸುಮ್ಮನಿದ್ದೆವು. ಎಷ್ಟು ಬಂದಿತ್ತು, ಯಾವ ಲೆಕ್ಕದಲ್ಲಿ ಬಂದಿತ್ತು ಅಂತ ಒಬ್ಬರಿಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮೊಬೈಲಿನಲ್ಲಿ ನಮ್ಮ ಪಂಚಾಯಿತಿಯ ಕೆಲಸಗಳ ಪಟ್ಟಿ ತೆರೆದೆ. ಆ ಚರಂಡಿ ಅಲ್ಲಿತ್ತು. ಹೆಸರು: ಮಾರಮ್ಮನ ಗುಡಿಯಿಂದ ಕೊನೇ ಮನೆಯವರೆಗೆ ಚರಂಡಿ ನಿರ್ಮಾಣ. ಖರ್ಚು ₹3.5 ಲಕ್ಷ. ಸ್ಥಿತಿ: ಪೂರ್ಣಗೊಂಡಿದೆ.

‘ಕೊನೇ ಮನೆಯವರೆಗೆ’ ಎಂಬ ಆ ಎರಡು ಪದ ಓದಿ ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ಅವತ್ತಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ತುಮಕೂರು ಜಿಲ್ಲೆಯ ಹಳ್ಳಿ. ಆದರೆ ಪಾವಗಡವಾಗಲಿ, ಮುಳಬಾಗಿಲಾಗಲಿ, ಬಾಗೇಪಲ್ಲಿಯಾಗಲಿ, ದಾರಿ ಒಂದೇ. ಓದು ಬರಹ ಬಂದು, ಒಂದು ಮೊಬೈಲ್ ಇದ್ದರೆ ಸಾಕು. ಮೊಬೈಲಿನಲ್ಲಿ ಕಷ್ಟವಾದರೆ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಈಗ ಅದನ್ನು ಅರಿವು ಕೇಂದ್ರ ಅಂತಾರೆ. ಬಹಳ ಕಡೆ ಅಲ್ಲಿ ಕಂಪ್ಯೂಟರ್ ಇದೆ.

ಮೊದಲು ಒಂದು ಕೆಲಸ ಆರಿಸಿಕೊಳ್ಳಿ

ಹೆಚ್ಚಿನವರು ಇಲ್ಲೇ ಎಡವುತ್ತಾರೆ. ‘ಪಂಚಾಯಿತಿಗೆ ಬಂದ ದುಡ್ಡೆಲ್ಲ ಏನಾಯ್ತು?’ ಎಂದು ಶುರು ಮಾಡುತ್ತಾರೆ. ಆ ಪ್ರಶ್ನೆಗೆ ನೂರಾರು ಸಾಲಿನ ಪಟ್ಟಿ ಸಿಗುತ್ತದೆ. ಎರಡು ದಿನ ನೋಡಿ ಕೈಬಿಡುತ್ತಾರೆ. ಹಾಗೆ ಮಾಡಬೇಡಿ. ನೀವು ದಿನಾ ನೋಡುವ ಒಂದೇ ಒಂದು ಕೆಲಸ ಹಿಡಿಯಿರಿ. ಚರಂಡಿ, ಸಿಸಿ ರಸ್ತೆ, ನೀರಿನ ತೊಟ್ಟಿ, ಅಂಗನವಾಡಿ ಕಾಂಪೌಂಡು, ಚೆಕ್ ಡ್ಯಾಂ, ಯಾವುದಾದರೂ ಸರಿ. ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ನಿಮಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿರಬೇಕು. ಕಚೇರಿಯಲ್ಲಿ ಕೂತವರಿಗಿಂತ ನಿಮಗೆ ಜಾಸ್ತಿ ಗೊತ್ತಿರುವುದು ಅದೊಂದೇ ವಿಷಯ. ಅದನ್ನೇ ಬಳಸಿಕೊಳ್ಳಿ.

ಕೆಲಸದ ಹತ್ತಿರ ನಾಮಫಲಕ ಇದೆಯಾ ನೋಡಿ. ಇದ್ದರೆ ಫೋಟೋ ತೆಗೆಯಿರಿ. ಯೋಜನೆಯ ಹೆಸರು, ವರ್ಷ, ಅಂದಾಜು ಮೊತ್ತ ಅದರಲ್ಲಿರುತ್ತದೆ. ಫಲಕ ಇಲ್ಲದಿದ್ದರೆ, ಕೆಲಸ ನಡೆದ ತಿಂಗಳು ನೆನಪಿಸಿಕೊಳ್ಳಿ. ಊರಹಬ್ಬದ ಮುಂಚೆಯಾ, ಆಮೇಲೆಯಾ ಅಂತ ಅಕ್ಕಪಕ್ಕದವರನ್ನು ಕೇಳಿದರೆ ಸಾಕು, ತಿಂಗಳು ಸಿಗುತ್ತದೆ.

ಸರ್ಕಾರದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಂಬುದು ನೆನಪಿರಲಿ. 2024ರ ಫೆಬ್ರವರಿಯಲ್ಲಿ ಆದ ಕೆಲಸ 2023-24ರ ಲೆಕ್ಕಕ್ಕೆ ಬರುತ್ತದೆ. ಒಂದು ವರ್ಷ ಯೋಜನೆಗೆ ಸೇರಿ, ಮುಂದಿನ ವರ್ಷ ಬಿಲ್ ಆಗುವುದೂ ಇದೆ. ಆದ್ದರಿಂದ ಎರಡು ವರ್ಷದ ಪಟ್ಟಿ ನೋಡಿಯೇ ‘ಇಲ್ಲ’ ಎಂದು ತೀರ್ಮಾನಿಸಿ.

ಯಾವ ದುಡ್ಡು ಎಂದು ತಿಳಿಯಿರಿ

ಪ್ರತಿ ಹಣಕ್ಕೂ ಬೇರೆ ಬೇರೆ ಬಾಗಿಲು. ಹಳ್ಳಿಯ ಕೆಲಸಕ್ಕೆ ಮುಖ್ಯವಾಗಿ ಹಣ ಬರುವುದು ಕೇಂದ್ರ ಹಣಕಾಸು ಆಯೋಗದ ಅನುದಾನ, ನರೇಗಾ (ಉದ್ಯೋಗ ಖಾತ್ರಿ), ರಾಜ್ಯ ಸರ್ಕಾರದ ಅನುದಾನ, ಶಾಸಕರ ಮತ್ತು ಸಂಸದರ ನಿಧಿ, ಮತ್ತೆ ನಾವು ಕಟ್ಟುವ ಕಂದಾಯ, ನೀರಿನ ಬಿಲ್ಲು. ನಾವು ‘15ನೇ ಹಣಕಾಸು’ ಎಂದು ಕರೆಯುವುದು 15ನೇ ಹಣಕಾಸು ಆಯೋಗ ಹೇಳಿದ ಅನುದಾನವನ್ನು. ಅದರ ಅವಧಿ 2020-21ರಿಂದ 2025-26.

ಇದರಲ್ಲಿ ಒಂದು ಕಟ್ಟುನಿಟ್ಟು ಇತ್ತು. 2021-22ರಿಂದ 2025-26ರವರೆಗೆ ಈ ಹಣದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಹೋಗಬೇಕಿತ್ತು. ಉಳಿದ 40 ಭಾಗ ಊರಿನ ಬೇರೆ ಅಗತ್ಯಗಳಿಗೆ. ಸಂಬಳಕ್ಕೆ ಬಳಸುವ ಹಾಗಿರಲಿಲ್ಲ. ಪಟ್ಟಿ ನೋಡುವಾಗ ಇದು ತಲೆಯಲ್ಲಿದ್ದರೆ, ನಿಮ್ಮ ಊರಲ್ಲಿ ನೀರಿಗೆ ಎಷ್ಟು ಹೋಯಿತು ಅಂತ ನೀವೇ ಕೂಡಿ ನೋಡಬಹುದು.

ಇ-ಗ್ರಾಮ್‌ಸ್ವರಾಜ್ ತೆರೆಯಿರಿ

ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಈ ತಾಣ 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನದಂದು ಶುರುವಾಯಿತು. ಗೂಗಲ್‌ನಲ್ಲಿ ‘ಇ ಗ್ರಾಮ್ ಸ್ವರಾಜ್’ ಎಂದು ಕನ್ನಡದಲ್ಲಿ ಬರೆದರೂ ಸಿಗುತ್ತದೆ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇರುವುದನ್ನೇ ತೆರೆಯಿರಿ. ಅದೇ ಹೆಸರಿನ ಖಾಸಗಿ ತಾಣಗಳಿಗೆ ಹೋಗಬೇಡಿ. ನೋಡುವುದಕ್ಕೆ ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ, ದುಡ್ಡು ಬೇಡ. ಯಾರಾದರೂ ಆಧಾರ್ ನಂಬರ್, ಒಟಿಪಿ ಕೇಳಿದರೆ ನೀವು ತಪ್ಪು ಜಾಗದಲ್ಲಿದ್ದೀರಿ ಎಂದರ್ಥ.

ಒಳಗೆ ಎರಡು ಭಾಗ ನಮಗೆ ಮುಖ್ಯ. ಒಂದು ಪ್ಲಾನಿಂಗ್, ಅಂದರೆ ಕ್ರಿಯಾ ಯೋಜನೆ. ಈ ವರ್ಷ ಏನೇನು ಮಾಡುತ್ತೇವೆ ಎಂದು ಪಂಚಾಯಿತಿ ಒಪ್ಪಿದ ಪಟ್ಟಿ. ಇನ್ನೊಂದು ಅಕೌಂಟಿಂಗ್. ಬಂದದ್ದು ಎಷ್ಟು, ಹೋದದ್ದು ಎಷ್ಟು. ಎರಡರಲ್ಲೂ ಮೊದಲು ವರ್ಷ, ಆಮೇಲೆ ರಾಜ್ಯ, ಜಿಲ್ಲೆ, ತಾಲ್ಲೂಕು, ಕೊನೆಗೆ ಗ್ರಾಮ ಪಂಚಾಯಿತಿ ಆರಿಸಬೇಕು. ಊರಿನ ಹೆಸರುಗಳು ಇಂಗ್ಲಿಷಿನಲ್ಲಿ ವಿಚಿತ್ರವಾಗಿ ಬರೆದಿರುತ್ತವೆ. ಒಂದೇ ಹೆಸರಿನ ಎರಡು ಪಂಚಾಯಿತಿ ಇರುವುದೂ ಉಂಟು. ತಾಲ್ಲೂಕು ಸರಿ ಇದೆಯಾ ಅಂತ ಇನ್ನೊಮ್ಮೆ ನೋಡಿ. ಪ್ರತಿ ಪಂಚಾಯಿತಿಗೂ ಎಲ್‌ಜಿಡಿ ಕೋಡ್ ಎಂಬ ಸಂಖ್ಯೆ ಇರುತ್ತದೆ. ಅದನ್ನು ಒಮ್ಮೆ ಬರೆದಿಟ್ಟುಕೊಂಡರೆ ಮುಂದೆ ಗೊಂದಲವಿಲ್ಲ.

ಮೊದಲು ಕ್ರಿಯಾ ಯೋಜನೆಯಲ್ಲಿ ನಿಮ್ಮ ಕೆಲಸ ಹುಡುಕಿ. ಹೆಸರು, ಸಂಖ್ಯೆ, ಮೊತ್ತ ಬರೆದುಕೊಳ್ಳಿ. ನಂತರ ಖರ್ಚಿನ ಕಡೆಗೆ ಬಂದು ಅದೇ ಕೆಲಸಕ್ಕೆ ಹಣ ಹೋಗಿದೆಯಾ ನೋಡಿ. ಹಣಕಾಸು ಆಯೋಗದ ಅನುದಾನದ ಹಣ ಈಗ ಡಿಜಿಟಲ್ ಸಹಿ ಮೂಲಕ ನೇರ ವೆಂಡರ್, ಅಂದರೆ ಕೆಲಸ ಮಾಡಿದವರ ಅಥವಾ ಸಾಮಗ್ರಿ ಕೊಟ್ಟವರ ಖಾತೆಗೆ ಹೋಗುತ್ತದೆ. ಆದ್ದರಿಂದ ಪ್ರತಿ ಪಾವತಿಗೂ ಒಂದು ತಾರೀಕು, ಒಂದು ವೋಚರ್ ಸಂಖ್ಯೆ ಇರುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಇರಬೇಕಾದದ್ದು ಆ ಎರಡು.

ತೆರೆ ಕಂಡ ಕೂಡಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ದಿನಾಂಕ, ಸಮಯ ಕಾಣುವ ಹಾಗೆ. ತಾಣದ ಪುಟಗಳು ಆಗಾಗ ಬದಲಾಗುತ್ತವೆ, ಕೆಲವು ದಿನ ತೆರೆಯುವುದೇ ಇಲ್ಲ. ನಾನು ಮೊದಲ ಸಲ ಸ್ಕ್ರೀನ್‌ಶಾಟ್ ತೆಗೆಯದೆ, ಮಾರನೇ ದಿನ ಅದೇ ಪುಟ ಹುಡುಕುತ್ತ ಅರ್ಧ ದಿನ ಕಳೆದೆ.

ಇದೇ ಮಾಹಿತಿ ಮೊಬೈಲಿನಲ್ಲಿ ನೋಡುವುದಕ್ಕೆ ‘ಮೇರಿ ಪಂಚಾಯತ್’ ಎಂಬ ಸರ್ಕಾರಿ ಆ್ಯಪ್ ಇದೆ. ಮೊದಲ ಸಲ ನೋಡುವವರಿಗೆ ಅದೇ ಸಲೀಸು. ವೋಚರ್ ಮಟ್ಟಕ್ಕೆ ಇಳಿಯಬೇಕಾದರೆ ತಾಣಕ್ಕೇ ಹೋಗಿ.

ನರೇಗಾ ಕೆಲಸವಾದರೆ

2025ರ ಡಿಸೆಂಬರಿನಲ್ಲಿ ನರೇಗಾ ಬದಲಿಗೆ ಹೊಸ ಕಾಯ್ದೆ ಪಾಸಾಗಿದೆ. ಇಲ್ಲಿ ಹೇಳುವುದು ನರೇಗಾದಲ್ಲಿ ಆದ ಕೆಲಸಗಳ ಬಗ್ಗೆ. ನನ್ನ ಅನುಭವದಲ್ಲಿ ಇಷ್ಟು ತೆರೆದಿಟ್ಟ ಲೆಕ್ಕ ಇನ್ನೊಂದಿಲ್ಲ. ನರೇಗಾ ತಾಣದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸುತ್ತ ಹೋದರೆ ಕೆಲಸಗಳ ಪಟ್ಟಿ ಬರುತ್ತದೆ. ಪ್ರತಿ ಕೆಲಸಕ್ಕೂ ಒಂದು ಉದ್ದನೆಯ ವರ್ಕ್ ಕೋಡ್ ಇದೆ. ಅದರ ಮೇಲೆ ಒತ್ತಿದರೆ ಕೂಲಿಗೆ ಎಷ್ಟು, ಸಾಮಗ್ರಿಗೆ ಎಷ್ಟು, ಯಾವ ಎನ್‌ಎಂಆರ್‌ನಲ್ಲಿ ಯಾರು ಎಷ್ಟು ದಿನ ಕೆಲಸ ಮಾಡಿದರು ಎಲ್ಲವೂ ಇದೆ. ಎನ್‌ಎಂಆರ್ ಅಂದರೆ ಹಾಜರಿ ಪಟ್ಟಿ. ಒಟ್ಟಾರೆ ಖರ್ಚಿನಲ್ಲಿ ಕೂಲಿಗೆ ಕನಿಷ್ಠ 60 ಭಾಗ, ಸಾಮಗ್ರಿಗೆ ಹೆಚ್ಚೆಂದರೆ 40 ಭಾಗ ಎಂಬುದು ನರೇಗಾದ ನಿಯಮವಾಗಿತ್ತು. ಗುತ್ತಿಗೆದಾರರಿಗೆ ಜಾಗವಿರಲಿಲ್ಲ.

ಲೆಕ್ಕ ಹಾಕಿ ನೋಡುವುದು ಸುಲಭ. 2025-26ರಲ್ಲಿ ಕರ್ನಾಟಕದಲ್ಲಿ ದಿನದ ಕೂಲಿ ₹370 ಇತ್ತು. ಹತ್ತು ಜನ ಆರು ದಿನ ಮಾಡಿದರೆ 60 ಮಾನವ ದಿನ, ₹22,200. ನಿಮ್ಮ ಕೆರೆಯ ಹೂಳೆತ್ತುವ ಕೆಲಸದಲ್ಲಿ ಎಷ್ಟು ಮಾನವ ದಿನ ತೋರಿಸಿದ್ದಾರೆ, ಆ ವಾರ ಅಲ್ಲಿ ಜನ ಇದ್ದರಾ, ಜೆಸಿಬಿ ಇತ್ತಾ, ಇದು ಊರಿನವರಿಗೇ ಗೊತ್ತು.

ನರೇಗಾದಲ್ಲಿ ಮಾಡಿದ ಆಸ್ತಿಗಳ ಫೋಟೋ ಇಸ್ರೋದ ಭುವನ್ ನಕ್ಷೆಯಲ್ಲೂ ಸಿಗುತ್ತದೆ. ಕೆಲಸಕ್ಕೆ ಮುಂಚೆ, ಕೆಲಸ ನಡೆಯುವಾಗ, ಮುಗಿದ ಮೇಲೆ ಎಂದು ಮೂರು ಹಂತದ ಫೋಟೋ ಹಾಕುವ ವ್ಯವಸ್ಥೆ. ಹಿಂದಿರುವ ಬೆಟ್ಟ, ಪಕ್ಕದ ಮರ, ವಿದ್ಯುತ್ ಕಂಬ ನೋಡಿ. ಅದು ನಿಮ್ಮೂರಾ ಅಲ್ವಾ ಅಂತ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಹಾಜರಿ ಪಟ್ಟಿಯಲ್ಲಿ ನಮ್ಮ ನೆರೆಹೊರೆಯವರ ಹೆಸರುಗಳಿರುತ್ತವೆ. ಬಡವರು, ಓದು ಬಾರದವರು. ಆ ಪಟ್ಟಿಯನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಅವರ ಹೆಸರಿನಲ್ಲಿ ದುಡ್ಡು ಬಂದದ್ದು ಅವರಿಗೇ ಗೊತ್ತಿಲ್ಲದೆ ಇರಬಹುದು. ಮೊದಲು ಅವರ ಮನೆಗೆ ಹೋಗಿ, ಕೂತು, ಮೆಲ್ಲಗೆ ಕೇಳಿ.

ಉಳಿದ ಬಾಗಿಲುಗಳು

ಇವನ್ನು ಬೇಗ ಹೇಳಿಬಿಡುತ್ತೇನೆ. ರಾಜ್ಯ ಸರ್ಕಾರದ ‘ಮಾಹಿತಿ ಕಣಜ’ ಕನ್ನಡದಲ್ಲೇ ಇದೆ. ಹಲವು ಇಲಾಖೆಗಳ ಮಾಹಿತಿ ಊರುವಾರು ಸಿಗುತ್ತದೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳು ಲೆಕ್ಕ ಬರೆಯುವುದು ‘ಪಂಚತಂತ್ರ’ ಎಂಬ ತಂತ್ರಾಂಶದಲ್ಲಿ. ಗ್ರಾಮೀಣಾಭಿವೃದ್ಧಿ ಇಲಾಖೆಯ ಕಾಮಗಾರಿಗಳ ಹಂತ, ಫೋಟೋ ದಾಖಲಾಗುವುದು ‘ಗಾಂಧಿ ಸಾಕ್ಷಿ ಕಾಯಕ’ದಲ್ಲಿ. ದೊಡ್ಡ ರಸ್ತೆ, ನೀರಿನ ಟ್ಯಾಂಕ್, ಪಟ್ಟಣದ ಕೆಲಸಗಳಾದರೆ ಟೆಂಡರ್ ಇರುತ್ತದೆ. ಕರ್ನಾಟಕದಲ್ಲಿ ಅದಕ್ಕೆ 1999ರ ಪಾರದರ್ಶಕತೆ ಕಾಯ್ದೆ ಇದೆ. ಟೆಂಡರ್ ಪ್ರಕಟಣೆಗಳು ಕೆಪಿಪಿಪಿ ಎಂಬ ಖರೀದಿ ತಾಣದಲ್ಲಿ ಬರುತ್ತವೆ.

ಜಲ ಜೀವನ್ ಮಿಷನ್ ತಾಣದಲ್ಲಿ ನಿಮ್ಮ ಊರಿನ ಎಷ್ಟು ಮನೆಗೆ ನಲ್ಲಿ ಬಂದಿದೆ ಎಂದು ತೋರಿಸುತ್ತಾರೆ. ಪಾವಗಡದಂಥ ಫ್ಲೋರೈಡ್ ಸೀಮೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ತಾಣದ ಸಂಖ್ಯೆ ನೋಡಿ, ಆಮೇಲೆ ಬೀದಿಯಲ್ಲಿ ನಡೆದು ಎಷ್ಟು ನಲ್ಲಿಯಲ್ಲಿ ನೀರು ಬರುತ್ತದೆ ಎಂದು ಎಣಿಸಿ. ಪೈಪು ಇರುವುದು ಬೇರೆ, ನೀರು ಬರುವುದು ಬೇರೆ ಅಲ್ವಾ?

ಆಡಿಟ್ ವರದಿಗಳಿಗೆ ಆಡಿಟ್‌ಆನ್‌ಲೈನ್ ಎಂಬ ತಾಣವಿದೆ. ಲೆಕ್ಕ ಪರಿಶೋಧನೆಯವರ ಭಾಷೆಯಲ್ಲಿ ಎರಡು ಮಾತು ಮುಖ್ಯ. ‘ಆಕ್ಷೇಪಣೆಯಲ್ಲಿಟ್ಟ ಮೊತ್ತ’ ಅಂದರೆ ದಾಖಲೆ ಸಾಲದ್ದಕ್ಕೆ ಒಪ್ಪದೆ ಇಟ್ಟ ಖರ್ಚು. ‘ವಸೂಲಾತಿಗೆ ಸೂಚಿಸಿದ ಮೊತ್ತ’ ಅಂದರೆ ಯಾರಿಂದಲೋ ವಾಪಸ್ ಪಡೆಯಬೇಕು ಎಂದು ಹೇಳಿದ ಹಣ. ಎರಡೂ ಒಂದೇ ಅಲ್ಲ. ಮೊದಲನೆಯದನ್ನು ನೋಡಿ ‘ತಿಂದಿದ್ದಾರೆ’ ಎಂದು ಕೂಗಬಾರದು. ಬಿಲ್ಲು ಹಾಜರುಪಡಿಸಿದರೆ ಅದು ಬಿಟ್ಟುಹೋಗಲೂಬಹುದು.

ರಾಜ್ಯದ ಬಜೆಟ್ ಪುಸ್ತಕಗಳು ಆರ್ಥಿಕ ಇಲಾಖೆಯ ತಾಣದಲ್ಲಿವೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳೂ ಆನ್‌ಲೈನ್‌ನಲ್ಲಿವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಯವರು ಒಂದು ಯೋಜನೆಯ ಅಂಕಿ ಬಾಯಿಪಾಠ ಇಟ್ಟುಕೊಂಡರೂ ಒಳ್ಳೆಯದು. ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆಗೆ 2012ರಲ್ಲಿ ಅಂದಾಜು ಸುಮಾರು ₹8,323 ಕೋಟಿ. 2014ರಲ್ಲಿ ಅದು ₹12,912 ಕೋಟಿ ಆಯಿತು. ಆಮೇಲೆ ₹23,251 ಕೋಟಿ ದಾಟಿತು. ನಮ್ಮ ಈ ಮೂರು ಜಿಲ್ಲೆಗಳ ಬಾಯಾರಿಕೆಯ ಹೆಸರಿನಲ್ಲಿ ಬರೆದ ಲೆಕ್ಕ ಅದು. ಆದರೆ ಆ ಲೆಕ್ಕವನ್ನು ಟೇಪು ಹಿಡಿದು ಅಳೆಯುವುದಕ್ಕೆ ನಮ್ಮಿಂದ ಆಗದು. ಚರಂಡಿಯನ್ನು ಅಳೆಯಬಹುದು.

ಟೇಪು ತನ್ನಿ

ಹಾರ್ಡ್‌ವೇರ್ ಅಂಗಡಿಯಲ್ಲಿ 30 ಮೀಟರ್ ಟೇಪು ಸಿಗುತ್ತದೆ. ಇಬ್ಬರು ಬೇಕು. ನನ್ನ ಜೊತೆ ಬಂದವಳು ಎದುರು ಮನೆಯ ಎಂಟನೇ ಕ್ಲಾಸಿನ ಹುಡುಗಿ. ಅವಳು ಟೇಪಿನ ತುದಿಯನ್ನು ಗುಡಿಯ ಮೂಲೆಗೆ ಒತ್ತಿ ಹಿಡಿದಳು. ನಾನು ಬಿಚ್ಚುತ್ತ ಬಂದೆ. 30 ಆದಲ್ಲೆಲ್ಲ ಸೀಮೆಸುಣ್ಣದಲ್ಲಿ ಒಂದು ಗೆರೆ. ಮೂರು ಗೆರೆ ಆಗಿ, ನಾಲ್ಕನೇ ಸಲ ಟೇಪು ಹುಣಸೆಮರದ ಬಳಿ 4 ಮೀಟರಿಗೇ ನಿಂತಿತು. ಒಟ್ಟು 94 ಮೀಟರ್. ಅವಳು ಅದನ್ನು ತನ್ನ ಗಣಿತದ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದಳು. ಗೆರೆಗಳ ಫೋಟೋ ತೆಗೆದೆವು, ಟೇಪಿನ ಅಂಕಿ ಕಾಣುವ ಹಾಗೆ.

ಅಳೆಯುವಾಗ ಕೆಲವು ವಿಷಯ ಗಮನಿಸಿ. ಚರಂಡಿ ರಸ್ತೆಯ ಎರಡೂ ಬದಿಗಿದ್ದರೆ ದಾಖಲೆಯಲ್ಲಿ ಎರಡನ್ನೂ ಕೂಡಿ ಬರೆದಿರಬಹುದು. ನಡುವಿನ ಮೋರಿಯನ್ನು ಬೇರೆ ಲೆಕ್ಕಕ್ಕೆ ಹಾಕಿರಬಹುದು. ಅಗಲವನ್ನು ಮೂರು ಜಾಗದಲ್ಲಿ ಅಳೆಯಿರಿ. ದಪ್ಪ ಅಳೆಯುವುದಕ್ಕೆ ಏನನ್ನೂ ಒಡೆಯಬೇಡಿ. ತುದಿಯಲ್ಲಿ ಅಥವಾ ಮೊದಲೇ ಒಡೆದ ಕಡೆ ಕಾಣುತ್ತದೆ.

ಸಿಸಿ ರಸ್ತೆಗೆ ಒಂದು ಸರಳ ಲೆಕ್ಕ ಕೊಡುತ್ತೇನೆ. ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 15 ಸೆಂಟಿಮೀಟರ್ ಎಂದುಕೊಳ್ಳಿ. 100 ಗುಣಿಸು 3 ಗುಣಿಸು 0.15. ಬರುವುದು 45 ಘನ ಮೀಟರ್ ಕಾಂಕ್ರೀಟ್. ಎಂ-20 ಎಂಬ ದರ್ಜೆಯ ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟು. ಅಲ್ಲಿಗೆ 360 ಮೂಟೆ. ದಪ್ಪ 10 ಸೆಂಟಿಮೀಟರ್‌ಗೆ ಇಳಿದರೆ 240 ಮೂಟೆ ಸಾಕು. ಮೇಲಿಂದ ನೋಡಿದರೆ ಎರಡೂ ರಸ್ತೆ ಒಂದೇ ಥರ ಕಾಣುತ್ತವೆ. ಅದಕ್ಕೇ ಕೆಲಸ ನಡೆಯುವ ದಿನವೇ ಅಲ್ಲಿರಬೇಕು ಅನ್ನುವುದು. ಒಟ್ಟು ಮೊತ್ತದಲ್ಲಿ ಅಗೆತ, ಕೆಳಗಿನ ಜಲ್ಲಿ ಹಾಸು, ಜಿಎಸ್‌ಟಿ, ಕಾರ್ಮಿಕ ಸೆಸ್ ಎಲ್ಲ ಸೇರಿರುತ್ತದೆ. ಬರೀ ಸಿಮೆಂಟಿನ ರೇಟು ಹಿಡಿದು ಜಗಳಕ್ಕೆ ನಿಲ್ಲಬೇಡಿ.

ಮೊದಲು ಪಂಚಾಯಿತಿಯಲ್ಲೇ ಕೇಳಿ

ಅಳತೆ ಕೈಯಲ್ಲಿದೆ ಎಂದು ನೇರ ಫೇಸ್‌ಬುಕ್ಕಿಗೆ ಹೋಗಬೇಡಿ. ನಾನು ಒಮ್ಮೆ ತಪ್ಪು ಮಾಡಿದ್ದೇನೆ. ಒಂದೇ ತಿಂಗಳಲ್ಲಿ ‘ಮೋಟಾರ್ ರಿಪೇರಿ’ ಎರಡು ಸಲ, ಒಂದೇ ಮೊತ್ತ ಎಂದು ಪಟ್ಟಿಯಲ್ಲಿ ಕಂಡು ಎಲ್ಲರ ಮುಂದೆ ಮಾತಾಡಿಬಿಟ್ಟೆ. ವಾಟರ್‌ಮ್ಯಾನ್ ನನ್ನನ್ನು ಕರೆದುಕೊಂಡು ಹೋಗಿ ಎರಡು ಬೋರ್‌ವೆಲ್ ತೋರಿಸಿದರು. ಎರಡೂ ಅದೇ ತಿಂಗಳು ಸುಟ್ಟಿದ್ದವು. ಆ ಬೇಸಗೆಯಲ್ಲಿ ರಾತ್ರಿ ಹತ್ತು ಗಂಟೆಗೆ ಮೋಟಾರ್ ಎತ್ತಿಸಿ ನೀರು ಬಿಟ್ಟ ಮನುಷ್ಯ ಅವರು. ಅವರಲ್ಲಿ ಕ್ಷಮೆ ಕೇಳಿದೆ. ಆ ಸಂಕಟ ಈಗಲೂ ನೆನಪಿದೆ.

ಆದ್ದರಿಂದ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಕಾಣಿ. ಕೆಲಸದ ಸಂಖ್ಯೆ, ವೋಚರ್ ಸಂಖ್ಯೆ ಬರೆದ ಚೀಟಿ ಮುಂದಿಡಿ. ಅಂದಾಜು ಪಟ್ಟಿ ಮತ್ತು ಎಂ.ಬಿ. ತೋರಿಸಿ ಎಂದು ಕೇಳಿ. ಎಂ.ಬಿ. ಅಂದರೆ ಅಳತೆ ಪುಸ್ತಕ. ಎಂಜಿನಿಯರ್ ಸ್ಥಳದಲ್ಲಿ ಅಳೆದು ಬರೆಯುವ ಪುಸ್ತಕ ಅದು. ಬಿಲ್ ಆಗುವುದು ಅದರ ಆಧಾರದ ಮೇಲೆ. ನೀವು ನೆಲದ ಮೇಲೆ ಅಳೆದದ್ದನ್ನು ಹೋಲಿಸಬೇಕಾದದ್ದು ಅದರ ಜೊತೆಗೇ. ನಂಬರ್ ಹೇಳಿ ಕೇಳಿದವರಿಗೆ ಸಿಗುವ ಉತ್ತರವೇ ಬೇರೆ. ‘ಯಾವ ಚರಂಡಿ? ಯಾವ ವರ್ಷ?’ ಎಂದು ಸಾಗಹಾಕುವುದಕ್ಕೆ ಆಗುವುದಿಲ್ಲ.

ಸಿಗದಿದ್ದರೆ ಮಾಹಿತಿ ಹಕ್ಕು

ನನಗೆ ಎರಡು ಸಲ ‘ನಾಳೆ ಬನ್ನಿ’ ಎಂದರು. ಮೂರನೇ ಸಲ ಅರ್ಜಿ ಹಿಡಿದುಕೊಂಡು ಹೋದೆ. ಮಾಹಿತಿ ಹಕ್ಕು ಕಾಯ್ದೆ 2005ರದು. ಅದಕ್ಕೂ ಮುಂಚೆ, 2000ದಲ್ಲೇ, ಕರ್ನಾಟಕಕ್ಕೆ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಇತ್ತು. 2005ರ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಯೋಜನೆ, ಬಜೆಟ್, ಖರ್ಚಿನ ವಿವರವನ್ನು ನಾವು ಕೇಳದೆಯೇ ಪ್ರಕಟಿಸಬೇಕು. ಮೇಲೆ ಹೇಳಿದ ತಾಣಗಳು ಯಾರೋ ಕೊಟ್ಟ ದಾನ ಅಲ್ಲ, ಕಾನೂನು ಹೇರಿದ ಕೆಲಸ.

ಕರ್ನಾಟಕದಲ್ಲಿ ಅರ್ಜಿ ನಮೂನೆ ‘ಎ’ಯಲ್ಲಿ ಇರಬೇಕು. ಒಂದು ಅರ್ಜಿಗೆ ಒಂದೇ ವಿಷಯ. 150 ಪದ ಮೀರಬಾರದು. ಶುಲ್ಕ ₹10. ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿ. ‘ಯಾಕೆ ಹೀಗೆ ಮಾಡಿದಿರಿ’ ಎಂದು ಬರೆಯಬೇಡಿ. ಕಾಯ್ದೆಯಲ್ಲಿ ಸಿಗುವುದು ದಾಖಲೆ, ವಿವರಣೆ ಅಲ್ಲ. ನಾನು ಬರೆದದ್ದು ಹೀಗಿತ್ತು:

‘ನಮ್ಮ ಗ್ರಾಮದ ಮಾರಮ್ಮನ ಗುಡಿಯಿಂದ ಕೊನೇ ಮನೆಯವರೆಗಿನ ಚರಂಡಿ ಕಾಮಗಾರಿಗೆ (ಕಾಮಗಾರಿ ಸಂಖ್ಯೆ, ವರ್ಷ, ವೋಚರ್ ಸಂಖ್ಯೆ) ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿ ಕೊಡಿ: ಅಂದಾಜು ಪಟ್ಟಿ, ಆಡಳಿತಾತ್ಮಕ ಮಂಜೂರಾತಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಬಿಲ್ ಮತ್ತು ವೋಚರ್, ಕಾಮಗಾರಿಯ ಫೋಟೋಗಳು.’

ಅಷ್ಟೇ. ಕೈಯಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಸಹಿ ಹಾಕಿ ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಇಲಾಖೆಗಳಿಗೆ ಆನ್‌ಲೈನ್‌ನಲ್ಲೂ ಅರ್ಜಿ ಹಾಕುವ ರಾಜ್ಯದ ತಾಣವಿದೆ. ಪಂಚಾಯಿತಿಗೆ ಮಾತ್ರ ಕಾಗದವೇ ಸಲೀಸು ಅನ್ನಿಸಿದೆ ನನಗೆ. ಉತ್ತರ 30 ದಿನದಲ್ಲಿ ಬರಬೇಕು. ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅದೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ತಾರೀಕುಗಳನ್ನು ಮನೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿಡಿ.

ಪ್ರತಿ ಬೇಡ, ನೋಡಿದರೆ ಸಾಕು ಎನ್ನುವವರು ‘ದಾಖಲೆ ಪರಿಶೀಲನೆಗೆ ಅವಕಾಶ ಕೊಡಿ’ ಎಂದು ಬರೆಯಬಹುದು. ಕೆಲಸವನ್ನೇ ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಈ ಕಾಯ್ದೆಯಲ್ಲಿದೆ.

ನನಗೆ 27ನೇ ದಿನ ಹಾಳೆಗಳು ಬಂದವು. ಎಂ.ಬಿ. ಪುಟದಲ್ಲಿ ಉದ್ದ 120 ಮೀಟರ್ ಎಂದಿತ್ತು.

ಜನರ ಮುಂದೆ ಓದಿ

1994ರ ಡಿಸೆಂಬರ್ 2ರಂದು ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಒಂದು ಜನಸುನವಾಯಿ, ಅಂದರೆ ಜನರ ಬಹಿರಂಗ ವಿಚಾರಣೆ ನಡೆಸಿದರು. ಮಾಡಿದ್ದು ಇಷ್ಟೇ, ಊರಿನ ಕೆಲಸಗಳ ದಾಖಲೆಯನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಿದರು. ಯಾರ ಹೆಸರಿನಲ್ಲಿ ಏನು ಬರೆದಿದೆ ಅಂತ ಅವರವರೇ ಕೇಳಿಸಿಕೊಂಡರು. ದೇಶದ ಮಾಹಿತಿ ಹಕ್ಕಿನ ಹೋರಾಟ ಬೆಳೆದದ್ದು ಅಲ್ಲಿಂದ.

ನಮಗೆ ಅಂಥ ಸಭೆಯನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಕಾನೂನಿನಲ್ಲೇ ಇದೆ. ಕನಿಷ್ಠ ಆರು ತಿಂಗಳಿಗೊಮ್ಮೆ ವಾರ್ಡ್ ಸಭೆ, ಗ್ರಾಮಸಭೆ ನಡೆಯಬೇಕು. ನರೇಗಾಕ್ಕೆ ಸಾಮಾಜಿಕ ಪರಿಶೋಧನೆ, ಅಂದರೆ ಊರಿನವರ ಜೊತೆ ಸೇರಿ ಮಾಡುವ ಲೆಕ್ಕ ತಪಾಸಣೆ ಇತ್ತು, ಅದರ ಕೊನೆಗೆ ಗ್ರಾಮಸಭೆ. ಇವೆಲ್ಲಕ್ಕಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯಿತಿಗಳಲ್ಲಿ ಹಿಂದಿನ ವರ್ಷದ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ಜನರ ಎದುರಿಗೇ ಪರಿಶೀಲಿಸುವ ಪದ್ಧತಿ ಇದು. ಹೊರಗಿನ ಅಧಿಕಾರಿ ಬರುತ್ತಾರೆ. ಕಾಮಗಾರಿ ಸ್ಥಳಕ್ಕೂ ಹೋಗುತ್ತಾರೆ. ಬಹಳ ಊರುಗಳಲ್ಲಿ ಇದು ನಡೆದದ್ದೇ ಜನಕ್ಕೆ ಗೊತ್ತಾಗುವುದಿಲ್ಲ. ಜುಲೈ ಕೊನೆಯಲ್ಲೇ ಹೋಗಿ ತಾರೀಕು ಕೇಳಿಟ್ಟುಕೊಳ್ಳಿ.

ಹೋಗುವಾಗ ಒಬ್ಬರೇ ಹೋಗಬೇಡಿ. ಆ ಕೆಲಸದಿಂದ ತೊಂದರೆ ಆದವರನ್ನೇ ಕರೆದುಕೊಂಡು ಹೋಗಿ. ಹುಣಸೆಮರದಾಚೆಯ ಮನೆಗಳಿಂದ ನಾಲ್ಕು ಜನ ಹೆಂಗಸರು ಬಂದಿದ್ದರು. ನಾನು ಮಾತಾಡಿದ್ದು ಕಡಿಮೆ. ಎಂ.ಬಿ. ಪುಟ ಓದಿದೆ, ‘120 ಮೀಟರ್’. ಆಮೇಲೆ ಅವರಲ್ಲಿ ಹಿರಿಯರೊಬ್ಬರು ಎದ್ದು ನಿಂತು, ‘ಸ್ವಾಮಿ, ಕೊನೇ ಮನೆ ನಂದೇ. ನಮ್ಮನೆ ಹತ್ರ ಚರಂಡಿ ಎಲ್ಲೈತೆ, ಬಂದು ತೋರ್ಸಿ’ ಎಂದರು. ಸಭೆ ಒಂದು ಕ್ಷಣ ಸ್ತಬ್ಧವಾಯಿತು. ಅಧಿಕಾರಿ ಪುಸ್ತಕ ಮುಚ್ಚಿ ಎದ್ದರು.

ಅವತ್ತು ಮತ್ತೆ ಟೇಪು ಬಿಚ್ಚಿದೆವು. ಈ ಸಲ ತುದಿ ಹಿಡಿದವರು ಎಂಜಿನಿಯರ್. 94 ಮೀಟರ್.

ಸಭೆಯಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ನಿಮ್ಮ ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೊಡಿ. ಅದು ನಡಾವಳಿಯಲ್ಲಿ ಸೇರಬೇಕು ಎಂದು ಅಲ್ಲೇ ಹೇಳಿ. ಒಂದು ವಾರ ಬಿಟ್ಟು ಹೋಗಿ ನಡಾವಳಿಯ ಪ್ರತಿ ಕೇಳಿ, ನಿಮ್ಮ ಅಳತೆ ಸರಿಯಾಗಿ ಬರೆದಿದ್ದಾರಾ ಎಂದು ಓದಿ ನೋಡಿ. ನಮ್ಮ ನಡಾವಳಿಯಲ್ಲಿ ‘ದಾಖಲೆಯಂತೆ 120 ಮೀ., ಸ್ಥಳದಲ್ಲಿ 94 ಮೀ., ವ್ಯತ್ಯಾಸ 26 ಮೀ.’ ಎಂದು ಬಂದಿದೆ. ಇದ್ದ ದರದಲ್ಲಿ ಆ 26 ಮೀಟರಿನ ಬೆಲೆ ಸುಮಾರು ₹75,000.

ಉಳಿದ ಚರಂಡಿ ಇನ್ನೂ ಆಗಿಲ್ಲ. ಮುಂದಿನ ಗ್ರಾಮಸಭೆಗೆ ಆ ಹಾಳೆಯ ಹತ್ತು ಪ್ರತಿ ಜೆರಾಕ್ಸ್ ಮಾಡಿಸಿಟ್ಟಿದ್ದೇನೆ. ಮರದಾಚೆಯ ಪ್ರತಿ ಮನೆಗೂ ಒಂದೊಂದು ಕೊಟ್ಟಾಗಿದೆ. ಎಂಟನೇ ಕ್ಲಾಸಿನ ಹುಡುಗಿ ಈಗ ಒಂಬತ್ತನೇ ಕ್ಲಾಸು. ಅವಳ ಶಾಲೆಯ ಕಾಂಪೌಂಡಿನ ಕಾಮಗಾರಿ ಸಂಖ್ಯೆ ಹುಡುಕಿ ಕೊಡಿ ಎಂದು ನಿನ್ನೆ ಬಂದು ಕೇಳಿದಳು.